ಬ್ರಿಟಿಷರನ್ನು ಓಡಿಸುವವರೂ ನಮ್ಮ ರೇಷ್ಮೆಗೂಡೂ

ನಮ್ಮ ಜಿಲ್ಲೆಯ ನಾಯಕರು ಬ್ರಿಟಿಷರನ್ನು ಇನ್ನೂ ಓಡಿಸುತ್ತಲೇ ಇದ್ದಾರೆ. ಬಿ.ಎ.ಯಲ್ಲಿ ಇತಿಹಾಸ ಓದಿದವಳು ನಾನು. ಯಾರು, ಎಲ್ಲಿ, ಏನು ಹೇಳಿದರೆಂದು ಡೈರಿಯಲ್ಲಿ ಬರೆದಿಡುತ್ತೇನೆ. ಹೊರದೇಶದ ರೇಷ್ಮೆನೂಲು ಬಂದು ನಮ್ಮ ಗೂಡಿನ ಬೆಲೆ ಬಿದ್ದ ಮೇಲಂತೂ ಡೈರಿ ಬೇಗ ತುಂಬಿತು. ನಮ್ಮೂರು ಜಂಗಮಕೋಟೆಯ ಹೆಂಗಸರೆಲ್ಲ ಸಹಿ ಹಾಕಿದ ಮನವಿ ಹಿಡಿದು ನಾನೂ ನನ್ನ ಓರಗಿತ್ತಿಯೂ ಅಲೆದೆವು. ಬೆಲೆ ಏಳದಿದ್ದರೆ ಹಿಪ್ಪುನೇರಳೆ ತೋಟ ಕೀಳಿಸುವುದೇ ದಾರಿ.

೧. ಒಪ್ಪಂದ

ಚಿಕ್ಕಬಳ್ಳಾಪುರದಲ್ಲಿ ಆಳುವ ಪಕ್ಷದ ನಾಯಕರ ಮನೆಗೆ ಹೋದೆವು. ವಿಷಯ ಹೇಳುತ್ತಲೇ ಅವರ ಕಣ್ಣು ತುಂಬಿತು.

“ಅಮ್ಮಾ, ಮ್ಯಾಂಚೆಸ್ಟರ್ ಬಟ್ಟೆ ತಂದು ಸುರಿದು ನಮ್ಮ ನೇಕಾರರ ಹೊಟ್ಟೆ ಮೇಲೆ ಹೊಡೆದ್ರಲ್ಲ ಆ ಬಿಳಿಯರು, ನೆನೆಸ್ಕೊಂಡ್ರೆ ಅನ್ನ ಸೇರಲ್ಲ.”

“ಅದನ್ನ ಕಾಲೇಜಲ್ಲೇ ಓದಿದೀನಪ್ಪ. ಈಗ ಬರ್ತಿರೋ ನೂಲಿನ ಮಾತು ಹೇಳಿ.”

ಕಣ್ಣೀರು ಅಲ್ಲೇ ನಿಂತಿತು. “ಅದು ಅಂತರರಾಷ್ಟ್ರೀಯ ಒಪ್ಪಂದ ಅಮ್ಮ. ನಾವು ಕೈ ಹಾಕಂಗಿಲ್ಲ.” ಮನವಿಯನ್ನು ಮುಟ್ಟಲೂ ಇಲ್ಲ.

ಮೆಟ್ಟಿಲಿಳಿಯುತ್ತಾ ಓರಗಿತ್ತಿ, “ಅಕ್ಕಾ, ಬ್ರಿಟಿಷರೂ ಒಪ್ಪಂದ ಮಾಡ್ಕೊಂಡು ಬಂದಿದ್ರೆ ಇವರು ಸುಮ್ನಿರ್ತಿದ್ರೇನೋ” ಎಂದಳು.

“ಒಪ್ಪಂದ ಮಾಡ್ಕೊಂಡೇ ಬಂದಿದ್ದು ಕಣೇ” ಎಂದೆ.

೨. ತಾತಂದಿರು

ವಿರೋಧ ಪಕ್ಷದವರು ಗೌರಿಬಿದನೂರಿನ ಸಭೆಯಲ್ಲಿ ಸಿಗುತ್ತಾರೆಂದು ಅಲ್ಲಿಗೂ ಹೋದೆವು. ಮನವಿ ಚಾಚಿದರೆ, “ಅಧಿಕಾರಕ್ಕೆ ಬಂದ್ಮೇಲೆ ತನ್ನಿ, ಈಗ ಭಾಷಣ ಕೇಳಿ” ಎಂದು ಕೂರಿಸಿದರು.

ದೇಶದ ಸಾರ್ವಭೌಮತ್ವಕ್ಕಾಗಿ ಮೊದಲು ಮಾತಾಡಿದವರ ತಾತ ಎದೆಗೆ ಗುಂಡೇಟು ತಿಂದಿದ್ದರಂತೆ. ಎರಡನೆಯವರ ತಾತನಿಗೆ ಎರಡು ಗುಂಡು. ಮೂರನೆಯವರ ತಾತ ಬಿಳಿ ಸಾಹೇಬನನ್ನು ಕುದುರೆ ಸಮೇತ ಕೆಡವಿದ್ದರಂತೆ.

ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದ ಮುದುಕಿ ತೆಲುಗಿನಲ್ಲಿ ಗೊಣಗಿದಳು: “ಇಂತಮಂದಿ ತಾತಲುಂಟೇ ತೆಲ್ಲೋಳ್ಳು ಎಟ್ಲ ವಚ್ಚಿರಿ?”

ಇಷ್ಟು ಜನ ತಾತಂದಿರಿದ್ದರೆ ಬಿಳಿಯರು ಒಳಗೆ ಬಂದದ್ದಾದರೂ ಹೇಗೆ, ಅಂತ.

೩. ಹಾರ

ಕೊನೆಗೆ ಆಳುವ ಪಕ್ಷದ ಅದೇ ನಾಯಕರು ಶಿಡ್ಲಘಟ್ಟಕ್ಕೆ ಬಂದರು. ನಮ್ಮಲ್ಲಿ ದೊಡ್ಡವರಿಗೆ ರೇಷ್ಮೆಗೂಡಿನ ಹಾರ ಹಾಕುವುದು ಮರ್ಯಾದೆ. ಅವರು ಎರಡು ಸಲ ದಿನ ಮುಂದೂಡಿದ್ದರು. ಹಾರ ಮಾತ್ರ ಹಳೆಯದೇ. ಗೂಡನ್ನು ಹೆಚ್ಚು ದಿನ ಹಾಗೇ ಇಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಕೊರೆದು ಆಚೆ ಬರುತ್ತದೆಂದು ಊರಿನ ಮಕ್ಕಳಿಗೂ ಗೊತ್ತು. ಗಡಿಬಿಡಿಯಲ್ಲಿ ಸಂಘಟಕರಿಗೆ ಹೊಳೆಯಲಿಲ್ಲ.

ನಾಯಕರು ಕೊರಳಲ್ಲಿ ಹಾರ ಇಟ್ಟುಕೊಂಡೇ ವಾಸ್ಕೋ ಡ ಗಾಮನ ಹಡಗಿನಿಂದ ಭಾಷಣ ಶುರುಮಾಡಿದರು. ಪ್ಲಾಸಿ ಕದನದಲ್ಲಿ ಕಂಪನಿ ಗೆಲ್ಲುವ ಹೊತ್ತಿಗೆ ಹಾರದಿಂದ ಮೊದಲ ಚಿಟ್ಟೆ ಹೊರಬಂತು. ಹಿಂದೆಯೇ ಇನ್ನಷ್ಟು. ಗೂಡು ಬಿಟ್ಟ ಚಿಟ್ಟೆ ಕಂದು ನೀರು ಬಿಡುತ್ತದೆ. ಬಿಳಿ ಖಾದಿ ಅಂಗಿಯ ಮೇಲೆ ಕಾಲರಿನವರೆಗೂ ಕಲೆ.

“ಏನ್ರೀ ಇದು!” ಎಂದು ಕೂಗಿದರು.

ಓರಗಿತ್ತಿ ಕುಳಿತಲ್ಲಿಂದಲೇ, “ನೀವಿನ್ನೂ ಪ್ಲಾಸೀಲಿದ್ದೀರಿ ಸ್ವಾಮಿ, ಅವು ಸ್ವಾತಂತ್ರ್ಯ ತಗೊಂಡೇಬಿಟ್ವು” ಎಂದಳು.

ಸಭೆ ನಗುತ್ತಿರುವಾಗಲೇ ನಾನು ವೇದಿಕೆಯ ಬಳಿ ಹೋಗಿ ಮನವಿ ಚಾಚಿದೆ. ಅವರು ತಕ್ಷಣ ಕಿತ್ತುಕೊಂಡರು. ಇಷ್ಟು ಅಲೆದ ಮೇಲೆ ಒಬ್ಬರಾದರೂ ಕೈಯಲ್ಲಿ ಹಿಡಿದರಲ್ಲ ಎಂದುಕೊಂಡೆ. ಅದನ್ನು ಮಡಚಿ ಎದೆ ಒರೆಸಿಕೊಂಡರು. ಆಮೇಲೆ ನನ್ನತ್ತ ಬಗ್ಗಿ, ಬಹಳ ಗೌರವದಿಂದ ಕೇಳಿದರು:

“ಅಮ್ಮಾ, ಇನ್ನೊಂದು ಕಾಪಿ ಇದ್ಯಾ? ಕಾಲರ್ ಹಂಗೇ ಉಳೀತು.”