ನಾಲ್ಕನೆಯ ನಂಬರಿನ ಮೌತ್ ಆರ್ಗನ್

"ಈ ಸಲದ ಸೋಲೋ ನನ್ನದೇ," ಎಂದು ಮಿನೆಗಿಶಿ ಬೆಳಗಿನ ಊಟಕ್ಕೆ ಕೂತವರೇ ಘೋಷಿಸಿದರು. "ಇನ್ನೊಂದು ವಿಷಯ. ಇವತ್ತಿನಿಂದ ನಾನು ಯಾರ ದಾಕ್ಷಿಣ್ಯಕ್ಕೂ ಬೀಳಲ್ಲ. ಸಂಗೀತದ ವಿಷಯದಲ್ಲಿ ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡ್ತೀನಿ."

"ಮೊದಲು ಸೂಪು ಕುಡೀರಿ, ಆರಿ ಹೋಗ್ತಿದೆ," ಎಂದರು ಹೆಂಡತಿ ಫುಸಾಯೆ.

ಆ ಮನೆಯಲ್ಲಿ ಮಹಾಪ್ರತಿಜ್ಞೆಗಳಿಗೆ ಸಿಗುತ್ತಿದ್ದ ಮರ್ಯಾದೆ ಅಷ್ಟೇ. ಆದರೆ ಈ ಪ್ರತಿಜ್ಞೆಯ ಹಿಂದೆ ಏಳು ವರ್ಷದ ಸಂಕಟವಿತ್ತು ಎಂಬುದನ್ನು ಒಪ್ಪಬೇಕು. ಮಿನೆಗಿಶಿ ಜಪಾನಿನ ತಕಾವೊಕಾ ಎಂಬ ಊರಿನ ಮೌತ್ ಆರ್ಗನ್ ಸಂಘದ ಆರು ಜನ ಸದಸ್ಯರಲ್ಲಿ ಒಬ್ಬರು. ಪ್ರತಿ ಮಾರ್ಚಿನಲ್ಲಿ ಸಮುದಾಯ ಭವನದಲ್ಲಿ ಸಂಘದ ಕಾರ್ಯಕ್ರಮ. ಒಬ್ಬರಿಗೆ ಮಾತ್ರ ಮುಂದೆ ಬಂದು ಒಂಟಿಯಾಗಿ ನುಡಿಸುವ ಭಾಗ್ಯ. ಉಳಿದ ಐವರೂ ಒಂದೊಂದು ವರ್ಷ ಆ ಭಾಗ್ಯ ಕಂಡವರು. ಗೆಳೆಯ ಓಬಾತಾ ಮೂರು ಸಲ ಕಂಡವರು. ಮಿನೆಗಿಶಿ ಮಾತ್ರ ಏಳು ವರ್ಷವೂ ಹಿಂದಿನ ಸಾಲಿನ ಎಡತುದಿಯಲ್ಲಿ, ಪರದೆಯ ಮಡಿಕೆ ಮೂಗಿಗೆ ತಗಲುವ ಜಾಗದಲ್ಲಿ ನಿಂತೇ ನುಡಿಸಿದ್ದರು. ಮೊನ್ನೆ ಹೊಸ ವರ್ಷದ ಕಾರ್ಡು ಕಳಿಸುವಾಗ ಕನಜಾವಾದ ಷಡ್ಡಕನಿಗೆ "ಈ ಮಾರ್ಚಿಗೆ ತಪ್ಪದೆ ಬಾ, ಮುಂದಿನ ಸಾಲಿನಲ್ಲೇ ಕೂರು" ಎಂದು ಬರೆದೂ ಆಗಿತ್ತು. ಅಂದಮೇಲೆ ಸೋಲೋ ಸಿಗದೆ ಹೋದರೆ ಮುಖ ಎಲ್ಲಿಡುವುದು?

ಆ ಊರಿನಲ್ಲಿ ಜನವರಿ ಎಂದರೆ ಹಿಮ ಎತ್ತಿಹಾಕುವುದೇ ಕೆಲಸ. ಭವನಕ್ಕೆ ಹೋಗುವ ದಾರಿ ಮುಚ್ಚಿಹೋಗುವುದರಿಂದ ಸಂಘದ ಶಿಯೋಮಿ ಟೀಚರು ಚಳಿಗಾಲಕ್ಕೊಂದು ಪದ್ಧತಿ ಮಾಡಿದ್ದರು. ಎಲ್ಲರೂ ಒಂದೇ ಹಾಡನ್ನು ಮನೆಯಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೆ ಕಳಿಸಬೇಕು. ಅವರು ಆರನ್ನೂ ಸೇರಿಸಿ ಸಿ.ಡಿ. ಮಾಡಿ ಎಲ್ಲರಿಗೂ ಅಂಚೆಯಲ್ಲಿ ಹಾಕುತ್ತಾರೆ. ಕೇಳಿದವರು ಒಬ್ಬೊಬ್ಬರಿಗೂ ಒಂದೊಂದು ಹಾಳೆಯಲ್ಲಿ ಅಭಿಪ್ರಾಯ ಬರೆದು ಟೀಚರಿಗೆ ಕಳಿಸಬೇಕು. ಅದನ್ನೆಲ್ಲ ನೋಡಿ ಟೀಚರು ಸೋಲೋ ಯಾರಿಗೆಂದು ಹೇಳುತ್ತಾರೆ. ಈ ವರ್ಷ ಒಂದು ಹೊಸ ಏರ್ಪಾಡು: ಸಿ.ಡಿ.ಯಲ್ಲಿ ಹೆಸರಿಲ್ಲ, ನಂಬರು ಮಾತ್ರ. ಹಾಳೆಗೆ ಸಹಿಯೂ ಇಲ್ಲ. ಯಾರದು ಯಾವ ನಂಬರೆಂದು ಟೀಚರಿಗೆ ಮಾತ್ರ ಗೊತ್ತು; ತಮ್ಮದನ್ನು ಕೇಳಿ ಗುರುತಿಸಿ ಆ ನಂಬರಿನ ಹಾಳೆಯನ್ನು ಖಾಲಿ ಬಿಟ್ಟರಾಯಿತು.

ಟೀಚರು ಹೀಗೇಕೆ ಮಾಡಿದರೆಂದರೆ, ಹೆಸರಿದ್ದಾಗ ಯಾರೂ ಯಾರಿಗೂ ನಿಜ ಬರೆಯುತ್ತಿರಲಿಲ್ಲ. ಅಲ್ಲಿಯ ಜನರಿಗೆ ಎದುರಿನವರ ಮನಸ್ಸು ನೋಯಿಸುವುದೆಂದರೆ ಅವರ ಮನೆಯೊಳಗೆ ಚಪ್ಪಲಿ ಹಾಕಿಕೊಂಡು ಹೋದ ಹಾಗೆ. "ನಿಮ್ಮ ಶ್ರಮ ಎದ್ದು ಕಾಣುತ್ತದೆ" ಎಂದು ಬರೆದರೆ ಶ್ರಮ ಬಿಟ್ಟು ಬೇರೇನೂ ಕಾಣಲಿಲ್ಲ ಎಂದು ಅರ್ಥ. "ಮುಂದಿನ ಸಲ ಕೇಳಲು ಕಾತರರಾಗಿದ್ದೇವೆ" ಎಂದರೆ ಈ ಸಲಕ್ಕೆ ಸಾಕು ಎಂದು. "ನಿಮ್ಮ ಶೈಲಿ ನಿಮ್ಮದೇ" ಎಂದರಂತೂ ಮುಗಿಯಿತು, ಅದನ್ನು ನೀವೇ ಇಟ್ಟುಕೊಳ್ಳಿ ಎಂದರ್ಥ. ಇದು ಅಲ್ಲಿ ಹುಟ್ಟಿದ ಮಗುವಿಗೂ ಗೊತ್ತು. ಗೊತ್ತಿಲ್ಲದಿದ್ದವರು ಒಬ್ಬರೇ. ಏಳು ವರ್ಷದಲ್ಲಿ ತಮಗೆ ಬಂದ ಮೂವತ್ತೈದು "ನಿಮ್ಮ ಶೈಲಿ ನಿಮ್ಮದೇ" ಹಾಳೆಗಳನ್ನು ಮಿನೆಗಿಶಿ ಅಕ್ಕಿ ಬಿಸ್ಕತ್ತಿನ ಡಬ್ಬಿಯಲ್ಲಿ ಪ್ರಶಸ್ತಿಪತ್ರಗಳ ಹಾಗೆ ಜೋಡಿಸಿಟ್ಟಿದ್ದರು.

ಹಾಗೆಂದು ಅವರ ಕಿವಿ ಕೆಟ್ಟದ್ದಲ್ಲ. ಕಂಚಿನ ಗಂಟೆ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದವರು. ಹೊಸ ಗಂಟೆಯನ್ನು ಒಂದು ಸಲ ಬಡಿದರೆ ಸಾಕು, ಕೂದಲೆಳೆಯಷ್ಟು ಬಿರುಕಿದ್ದರೂ ಎಲ್ಲಿದೆ ಎಂದು ಬೆರಳಿಟ್ಟು ತೋರಿಸುತ್ತಿದ್ದರು. ತೊಂದರೆ ಏನೆಂದರೆ, ತಾವು ನುಡಿಸಿದ್ದನ್ನು ಮಾತ್ರ ಅವರು ಜನ್ಮದಲ್ಲಿ ಒಮ್ಮೆಯೂ ತಿರುಗಿ ಕೇಳಿದವರಲ್ಲ. ಹಿಂದಿನ ವರ್ಷಗಳಲ್ಲೂ ಸಿ.ಡಿ.ಯಲ್ಲಿ ತಮ್ಮ ಹೆಸರು ಬಂದ ಕೂಡಲೇ ದಾಟಿಸಿ ಮುಂದೆ ಹೋಗುತ್ತಿದ್ದರು.

"ನುಡಿಸುವಾಗ ಕೇಳಿರ್ತೀನಲ್ಲ, ಮತ್ತೆ ಕೇಳೋದೇನು? ಅನುಮಾನ ಇರೋರು ಕೇಳ್ಕೋಬೇಕು," ಎನ್ನುವುದು ಅವರ ಸಿದ್ಧಾಂತ.

ರೆಕಾರ್ಡಿಂಗ್ ದಿನ ಮಧ್ಯಾಹ್ನ ಊಟವಾದ ಮೇಲೆ ಹಾಸಿಗೆ ಮಡಚಿಡುವ ಗೋಡೆ ಕಪಾಟಿನಲ್ಲಿ ಹತ್ತಿ ಕೂತರು. ಹೊರಗಿನ ಸದ್ದು ಬರಬಾರದೆಂದು ಸುತ್ತಲೂ ಹಾಸಿಗೆ, ತಲೆಯ ಮೇಲೆ ದಿಂಬು, ಮಡಿಲಲ್ಲಿ ಫೋನು. ಬಾಗಿಲು ಎಳೆದುಕೊಂಡು ಒಳಗಿನಿಂದ ಕೂಗಿದರು. "ಫುಸಾಯೆ, ಹತ್ತು ನಿಮಿಷ ಈ ಮನೇಲಿ ಒಂದು ಸೂಜಿ ಬಿದ್ದ ಸದ್ದೂ ಆಗಬಾರದು."

"ಆಯ್ತು ರೀ," ಎಂದು ಫುಸಾಯೆ ಹೇಳಿ, ಹೇಗೂ ಬೆವತು ಹೊರಗೆ ಬರುತ್ತಾರಲ್ಲ ಎಂದು ಸ್ನಾನದ ತೊಟ್ಟಿ ತುಂಬುವ ಗುಂಡಿ ಒತ್ತಿದರು. ಇದು ಕಪಾಟಿನೊಳಗಿದ್ದ ಕಲಾವಿದರಿಗೆ ತಿಳಿಯಲಿಲ್ಲ. ಅವರು ನುಡಿಸುತ್ತಿರುವಾಗ ಯಾವ ಪ್ರಪಂಚವೂ ತಿಳಿಯುತ್ತಿರಲಿಲ್ಲ. ಒಂದೇ ಸಲ ನುಡಿಸಿ, ಕೇಳದೆ ಟೀಚರಿಗೆ ಕಳಿಸಿ, ಕೆಂಪು ಮುಖ ಮಾಡಿಕೊಂಡು ಹೊರಗೆ ಬಂದರು. "ಈ ಹಾಡು ಇನ್ನು ಬೇರೆಯವರು ನುಡಿಸೋದೇ ವ್ಯರ್ಥ," ಎಂದರು. ಸ್ನಾನದ ನೀರು ಸಿದ್ಧವಾಗಿತ್ತು.

ವಾರ ಕಳೆದು ಸಿ.ಡಿ. ಬಂತು. ಗಂಡ ಹೆಂಡತಿ, ಅಡಿಯಲ್ಲಿ ಬಿಸಿಯಿರುವ ಗಿಡ್ಡ ಮೇಜಿಗೆ ಹೊದಿಸಿದ ರಜಾಯಿಯೊಳಗೆ ಕಾಲು ಚಾಚಿ ಕೂತರು. ಫುಸಾಯೆ ಕಿತ್ತಳೆ ಸುಲಿಯತೊಡಗಿದರು. ಒಂದನೆಯ ನಂಬರು ಮುಗಿಯಿತು. ಎರಡನೆಯದು ಶುರುವಾದ ಕೂಡಲೇ ಮಿನೆಗಿಶಿಯವರ ಕೈಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಸ್ವರಗಳು ಒಂದರ ಹಿಂದೊಂದು ಅವಸರವಿಲ್ಲದೆ ಬಂದವು, ಮೆಲ್ಲಗೆ ಏರಿ ಮೆಲ್ಲಗೆ ಇಳಿದವು. ಕೊನೆಯ ಸ್ವರ ನಿಂತ ಮೇಲೆ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ನೋಡಿದ್ಯಾ? ನಾನು ಇಷ್ಟು ಚೆನ್ನಾಗಿ ನುಡಿಸ್ತೀನಿ ಅಂತ ನನಗೇ ಗೊತ್ತಿರಲಿಲ್ಲ."

ಫುಸಾಯೆ ಸುಲಿಯುವುದನ್ನು ನಿಲ್ಲಿಸಿದರು. "ಇದು ನಿಮ್ಮದಾ?"

"ಮತ್ತಿನ್ನಾರದು?" ಎಂದು ಎರಡನೆಯ ನಂಬರಿನ ಹಾಳೆಯನ್ನು ಖಾಲಿಯಾಗಿಯೇ ಪಕ್ಕಕ್ಕಿಟ್ಟರು.

ಮೂರನೆಯದು ಹೋಯಿತು. ನಾಲ್ಕನೆಯದು ಬಂತು. ಮೊದಲು ಯಾರೋ ಮೂರು ಸಲ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆಮೇಲೆ ಹಾಡು. ಹಾಡಿನ ಜೊತೆ ಮರದ ಹಲಗೆಯ ಮೇಲೆ ದಡದಡ ಕಾಲಿನ ತಾಳ, ಪ್ರತಿ ಸಾಲಿನ ಕೊನೆಗೆ ಹಂದಿ ಗುಟುರು ಹಾಕಿದಂಥ ಮೂಗಿನ ಉಸಿರು. ನಡುಮಧ್ಯೆ ದೂರದಿಂದ ಟಿಂಟಿಣಿ ಎಂದು ನಾಲ್ಕು ಸ್ವರ ಕೇಳಿ, "ಸ್ನಾನಕ್ಕೆ ನೀರು ಸಿದ್ಧವಾಗಿದೆ" ಎಂದು, ತೊಟ್ಟಿ ತುಂಬಿದಾಗ ಮಾತಾಡುವ ಬಚ್ಚಲಿನ ಯಂತ್ರದ ಹೆಂಗಸು ಇಂಪಾಗಿ ಹೇಳಿದಳು.

"ಓಬಾತಾ," ಎಂದರು ಮಿನೆಗಿಶಿ, ಕಳ್ಳನನ್ನು ಹಿಡಿದವರಂತೆ. "ಆ ಸೈನಸ್ ಮೂಗು ಇಡೀ ಊರಿಗೇ ಗೊತ್ತು."

"ರೀ, ಈ ನಾಲ್ಕನೇದು..."

"ಅವನದೇ ಕಣೇ. ಬಚ್ಚಲು ಹಚ್ಚಿಟ್ಟುಕೊಂಡು ಸಂಗೀತಕ್ಕೆ ಕೂತಿದ್ದಾನೆ, ಅಯೋಗ್ಯ."

"ಅಲ್ಲ ರೀ, ಆ ಬಚ್ಚಲಿನ ದನಿ ಸ್ವಲ್ಪ ಕೇಳಿ..."

"ಅದರಲ್ಲಿ ಕೇಳೋದೇನಿದೆ? ಆ ಹೆಂಗಸು ಜಪಾನಿನ ಎಲ್ಲರ ಬಚ್ಚಲಲ್ಲೂ ಇದ್ದಾಳೆ."

ಫುಸಾಯೆ ಒಂದು ಇಡೀ ಕಿತ್ತಳೆಯನ್ನು ಬಾಯಿಗೆ ತುಂಬಿಕೊಂಡು ರಜಾಯಿಯಲ್ಲಿ ಮುಖ ಮುಚ್ಚಿದರು. ಗಂಡ ಆಗಲೇ ಕುಂಚದ ಪೆನ್ನು ಬಿಚ್ಚಿದ್ದರು. ಸೋಲೋಗೆ ಅಡ್ಡಿಯಾಗುವವರು ಯಾರಾದರೂ ಇದ್ದರೆ ಅದು ಓಬಾತಾ ಒಬ್ಬರೇ. ಕಲೆಯ ಸೇವೆ ಮತ್ತು ಓಬಾತಾರ ನಿವಾರಣೆ ಎರಡೂ ಒಂದೇ ಹಾಳೆಯಲ್ಲಿ ಆಗುವುದಾದರೆ ಬಿಡುವುದುಂಟೇ?

"ನಾಲ್ಕನೆಯವರಿಗೆ," ಎಂದು ಬರೆದರು. "ಶುರುವಿಗೆ ಮುಂಚೆ ಮೂರು ಸಲ ಗಂಟಲು ಸರಿಮಾಡಿಕೊಂಡಿದ್ದೀರಿ. ಮೌತ್ ಆರ್ಗನ್ ನುಡಿಸಲು ಗಂಟಲು ಬೇಕಿಲ್ಲ. ಏಳನೆಯ ಸ್ವರಕ್ಕೆ ಬರುವ ಹೊತ್ತಿಗೆ ನಿಮ್ಮ ಉಸಿರು ಮುಗಿದಿರುತ್ತದೆ. ಆಮೇಲೆ ಕೇಳುವುದು ಸಂಗೀತವಲ್ಲ, ಮೂಗು. ಎತ್ತರದ ಸ್ವರ ಬಂದಾಗಲೆಲ್ಲ ಪಕ್ಕದ ರಂಧ್ರವನ್ನೂ ಸೇರಿಸಿ ಊದುತ್ತೀರಿ. ಒಂದು ಕೇಳಿದವರಿಗೆ ಎರಡು ಕೊಡುವ ಔದಾರ್ಯ ತರಕಾರಿ ಅಂಗಡಿಯಲ್ಲಿ ಚೆನ್ನ. ಕಾಲಿನಲ್ಲಿ ತಾಳ ಹಾಕುತ್ತೀರಿ, ಆದರೆ ನಿಮ್ಮ ಕಾಲಿಗೂ ಬಾಯಿಗೂ ಮಾತುಕತೆ ನಿಂತು ಬಹಳ ದಿನವಾದಂತಿದೆ. ಇಡೀ ರೆಕಾರ್ಡಿಂಗಿನಲ್ಲಿ ಶ್ರುತಿಯಲ್ಲಿರುವುದು ಬಚ್ಚಲಿನ ಯಂತ್ರವೊಂದೇ. ದಯವಿಟ್ಟು ಸೋಲೋ ಆಸೆ ಬಿಡಿ. ಹಿಂದಿನ ಸಾಲಿನಲ್ಲೂ ಸ್ವಲ್ಪ ಮೆಲ್ಲಗೇ ನುಡಿಸಿ."

ಫುಸಾಯೆ ಭುಜದ ಮೇಲಿಂದ ಬಗ್ಗಿ ಎಲ್ಲವನ್ನೂ ಓದಿದರು. ಏನೋ ಹೇಳಲು ಬಾಯಿ ತೆರೆದವರು, "ಚಹಾ ಇನ್ನೊಂದು ಸ್ವಲ್ಪ ಹಾಕಲಾ?" ಎಂದು ಕೇಳಿದರು. ಉಳಿದ ನಾಲ್ವರಿಗೆ ಬರೆಯುವಷ್ಟು ಸತ್ಯ ಮಿನೆಗಿಶಿಯವರಲ್ಲಿ ಉಳಿದಿರಲಿಲ್ಲ. ಎಲ್ಲರಿಗೂ "ಶ್ರಮ ಎದ್ದು ಕಾಣುತ್ತದೆ" ಎಂದು ಬರೆದು ಅಂಚೆಗೆ ಹಾಕಿದರು.

ಫೆಬ್ರವರಿ ಕೊನೆಗೆ ದಾರಿ ತೆರೆಯಿತು. ಭವನದಲ್ಲಿ ಸೀಮೆಎಣ್ಣೆ ಒಲೆಯ ಸುತ್ತ ಆರೂ ಜನ ಕೂತಿದ್ದಾಗ ಶಿಯೋಮಿ ಟೀಚರು ಒಬ್ಬೊಬ್ಬರಿಗೂ ಅವರ ಅಭಿಪ್ರಾಯಗಳ ಕವರು ಹಂಚಿದರು. ಮಿನೆಗಿಶಿ ತಮ್ಮದನ್ನು ಬಿಚ್ಚಿದರು. ಮೊದಲ ಐದು ಹಾಳೆಯಲ್ಲಿ ಎಂದಿನ ಹಾಗೆ ಅವರ ಶೈಲಿ ಅವರದೇ ಆಗಿತ್ತು. ಆರನೆಯದನ್ನು ತಿರುಗಿಸಿದರು. ಕುಂಚದ ಪೆನ್ನಿನ ಅಕ್ಷರ. ತಮ್ಮದೇ ಅಕ್ಷರ. "ನಾಲ್ಕನೆಯವರಿಗೆ..."

ಟೀಚರು ಕವರು ಅದಲುಬದಲು ಮಾಡಿದ್ದಾರೆ, ಎಂದುಕೊಂಡು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಟೀಚರೇ ಎದ್ದು ಅವರಿಗೆ ನಡು ಬಗ್ಗಿಸಿ ನಮಸ್ಕಾರ ಮಾಡಿಬಿಟ್ಟರು.

"ಮಿನೆಗಿಶಿ ಸಾನ್, ನಿಮ್ಮ ಅಕ್ಷರ ನನಗೆ ಗೊತ್ತಾಗದೆ ಇರುತ್ತಾ? ನಲವತ್ತು ವರ್ಷದಿಂದ ಪಾಠ ಹೇಳ್ತಿದ್ದೀನಿ, ತನ್ನ ತಪ್ಪನ್ನ ತಾನೇ ಇಷ್ಟು ನಿರ್ದಾಕ್ಷಿಣ್ಯವಾಗಿ ಬರೆದುಕೊಂಡ ಒಬ್ಬರನ್ನೂ ನೋಡಿರಲಿಲ್ಲ. ಖಾಲಿ ಬಿಡಿ ಅಂದ್ರೂ ಬಿಡದೆ ತಮ್ಮ ನಾಲ್ಕನೇ ನಂಬರಿಗೆ ತಾವೇ ಬರೆದಿದ್ದೀರಿ. ಎಂಥ ವಿನಯ. ಒಂದೊಂದು ತಪ್ಪೂ ಸರಿಯಾಗಿ ಹಿಡಿದಿದ್ದೀರಿ. ಇಷ್ಟು ಗೊತ್ತಿರೋರು ಒಂದು ತಿಂಗಳಲ್ಲಿ ಎಲ್ಲಾ ತಿದ್ದಿಕೊಳ್ತಾರೆ. ಅದಕ್ಕೇ ಈ ಸಲದ ಸೋಲೋ ನಿಮಗೇ ಅಂತ ಅಂದ್ಕೊಂಡಿದ್ದೀನಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಮಿನೆಗಿಶಿಯವರ ತಲೆಯೊಳಗೆ ಮೂಗು, ಕಾಲು, ಬಚ್ಚಲಿನ ಹೆಂಗಸು ಎಲ್ಲರೂ ಒಟ್ಟಿಗೆ ಗಿರಗಿರ ತಿರುಗುತ್ತಿದ್ದರು. ನಾಲ್ಕನೆಯವರು ತಾನು. ಹಾಗಾದರೆ ಇಡೀ ಊರಿಗೆ ಗೊತ್ತಿದ್ದ ಆ ಮೂಗು ತನ್ನದು. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೆ ಏಳು ವರ್ಷ ಕಾದ ಸೋಲೋ, ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ, ಎದುರಿಗೇ ಇತ್ತು. ಸುಮ್ಮನೆ ತಲೆ ತಗ್ಗಿಸಿ ವಿನಯವಂತನ ಮುಖ ಮಾಡಿದರೆ ಸಾಕು. ಮಾಡಿದರು ಕೂಡ.

ಆಗ ಪಕ್ಕದಿಂದ ಓಬಾತಾ ಕೇಳಿದರು. ಮೂವತ್ತೆಂಟು ವರ್ಷ ಬಸ್ಸು ಓಡಿಸಿದ, ಎಂದೂ ದನಿ ಏರಿಸದ ಮನುಷ್ಯ. "ಅಲ್ಲ ಕಣಯ್ಯ, ನನ್ನ ಕವರಲ್ಲಿ ನಾಲ್ಕೇ ಹಾಳೆ ಇದೆ. ಐದು ಇರಬೇಕಿತ್ತು. ನಿನ್ನ ಕುಂಚದ ಅಕ್ಷರದ್ದೇ ಇಲ್ಲ."

"ಯಾವ ನಂಬರು ನಿನ್ನದು?" ಎಂದರು ಮಿನೆಗಿಶಿ. ಕೇಳುವ ಮುಂಚೆಯೇ ಉತ್ತರ ಗೊತ್ತಿತ್ತು.

"ಎರಡು. ನಿನಗೇ ನೀನು ಅಷ್ಟುದ್ದ ಬರ್ಕೊಂಡಿದ್ದೀಯ. ನನಗೆ ಬೈಯೋಕೂ ಒಂದು ಮಾತು ಸಿಗಲಿಲ್ವಾ? ಅಷ್ಟು ಕೆಟ್ಟದಾಗಿತ್ತಾ?"

ಓಬಾತಾ ನಗುವ ಪ್ರಯತ್ನ ಮಾಡಿದರು, ಆಗಲಿಲ್ಲ. ಆ ನಾಲ್ಕು ಹಾಳೆಗಳನ್ನು ಮತ್ತೆ ಎಣಿಸಿ ಕವರಿಗೆ ಹಾಕಿದರು. ಮಿನೆಗಿಶಿ ಆ ಕೈಗಳನ್ನೇ ನೋಡಿದರು. ಈ ಮನುಷ್ಯನ ಜೊತೆ ಇಪ್ಪತ್ತು ವರ್ಷ ಹಿಮ ಎತ್ತಿದ್ದಾರೆ. ಹೂಂ ಎಂದುಬಿಟ್ಟರೆ ಸೋಲೋ ಉಳಿಯುತ್ತದೆ. ಇವನು ಮೌತ್ ಆರ್ಗನ್ ಮತ್ತೆ ಮುಟ್ಟುತ್ತಾನೋ ಇಲ್ಲವೋ. ತಮಗೇ ತಿಳಿಯದೆ ಅವರು ಎದ್ದು ನಿಂತಿದ್ದರು.

"ಟೀಚರ್, ವಿನಯ ಗಿನಯ ಏನೂ ಇಲ್ಲ. ನಾಲ್ಕನೇದು ಓಬಾತಾದು ಅಂತ ತಿಳ್ಕೊಂಡು ಬರೆದೆ. ಇವನು ಸೋಲೋಗೆ ಅಡ್ಡ ಬರ್ತಾನೆ ಅಂತ ಹೊಟ್ಟೆಕಿಚ್ಚಿಂದ ಬರೆದೆ. ಎರಡನೇದು ನನ್ನದು ಅಂತ ಖಾಲಿ ಬಿಟ್ಟೆ."

ಎಲ್ಲರೂ ತಂತಮ್ಮ ಚಹಾ ಬಟ್ಟಲಿನ ತಳವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಓಬಾತಾ ಕರವಸ್ತ್ರ ತೆಗೆದು ದೀರ್ಘವಾಗಿ ಮೂಗು ಒರೆಸಿಕೊಂಡರು.

"ನಿನ್ನದು ಅಂದ್ಕೊಂಡ್ಯಾ? ಅಷ್ಟು ಚೆನ್ನಾಗಿತ್ತಾ?"

"ಕಣ್ಣಲ್ಲಿ ನೀರು ಬಂತು ಮಾರಾಯ."

"ನನ್ನದು ಅಂತ ಗೊತ್ತಿದ್ದಿದ್ರೆ?"

"ಗೊತ್ತಿದ್ದಿದ್ರೆ ಎಲ್ಲಿ ಬರ್ತಿತ್ತು?"

ಮೊದಲು ನಕ್ಕವರು ಓಬಾತಾ. ಆಮೇಲೆ ಟೀಚರು ಕೂಡ ಬಾಯಿಗೆ ಕೈ ಅಡ್ಡ ಹಿಡಿದು ಕುರ್ಚಿಯಲ್ಲಿ ಕುಸಿದರು. ಸೋಲೋ ಎರಡನೆಯ ನಂಬರಿಗೆ ಹೋಯಿತು, ಅದು ಯಾರೂ ಬಾಯಿಬಿಟ್ಟು ಹೇಳಬೇಕಾದ ವಿಷಯವಾಗಿರಲಿಲ್ಲ.

ಮಿನೆಗಿಶಿ ಮನೆಗೆ ಬಂದು, ಬೂಟು ಬಿಚ್ಚಿ, ಕಪಾಟಿಗೆ ಬೆನ್ನು ಕೊಟ್ಟು ಚಾಪೆಯ ಮೇಲೆ ಕುಳಿತರು. ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದರು. ಫುಸಾಯೆ ಮೂಲಂಗಿ ಹೆಚ್ಚುತ್ತ ಕೇಳಿದರು. ಕನಜಾವಾದ ಷಡ್ಡಕನ ಮಾತು ಬಂದಾಗ, "ಅವರಿಗೆ ನಾನೇ ಫೋನ್ ಮಾಡ್ತೀನಿ ಬಿಡಿ," ಎಂದರು.

ಸ್ವಲ್ಪ ಹೊತ್ತಾದ ಮೇಲೆ ಮಿನೆಗಿಶಿಯವರಿಗೆ ಏನೋ ಹೊಳೆಯಿತು. "ಫುಸಾಯೆ, ನಾಲ್ಕನೇದು ನಾನೇ ಅಂತ ನಿನಗೆ ಆವತ್ತೇ ಗೊತ್ತಿತ್ತಾ?"

"ಬಚ್ಚಲಿನ ಗುಂಡಿ ಒತ್ತಿದ್ದು ನಾನೇ ಅಲ್ವೇನ್ರೀ."

"ಮತ್ತೆ ನಾನು ಬರೆಯುವಾಗ ಯಾಕೆ ಬಾಯಿ ಬಿಡಲಿಲ್ಲ?"

ಫುಸಾಯೆ ಕತ್ತಿ ಕೆಳಗಿಟ್ಟು ಅಡುಗೆಗೆಂದು ಸೊಂಟಕ್ಕೆ ಕಟ್ಟಿಕೊಂಡಿದ್ದ ಬಟ್ಟೆಗೆ ಕೈ ಒರೆಸಿಕೊಂಡರು.

"ಬಿಡೋಕೆ ಬಂದೆ ರೀ. ಅಷ್ಟರಲ್ಲಿ ನೀವು ಬರೆದದ್ದನ್ನ ಓದಿದೆ. ಏಳು ವರ್ಷದಿಂದ ಇದನ್ನೇ ನಿಮಗೆ ಹೇಗೆ ಹೇಳೋದು ಅಂತ ನಾನು ಮಾತು ಹುಡುಕ್ತಿದ್ದೆ. ನೀವೇ ಅಷ್ಟು ಚೆನ್ನಾಗಿ ಬರೀತಿದ್ದಾಗ ತಡೆಯೋಕೆ ಮನಸ್ಸು ಬರಲಿಲ್ಲ."