ಗುಂಡಿ ಕುಳ್ಳನ ಕೊನೇ ಡ್ಯೂಟಿ

ಅದು ಕಂಪ್ಯೂಟರ್ ಆಟವೊಂದರ ಒಳಗಿನ ಊರು; ಕುಳ್ಳರು, ರಾಕ್ಷಸರು, ಗಾಬ್ಲಿನ್ ಎಂಬ ಮರಿಪಿಶಾಚಿಗಳು, ಎಲ್ಫ್ ಎಂಬ ಚೂಪುಗಿವಿಯವರು ಒಟ್ಟಿಗೇ ಬಾಳುವ ಜಾಗ. ಅಲ್ಲಿನ ಸ್ಮಶಾನದಲ್ಲಿ ಗುಂಡಿ ತೋಡುವ ಕುಳ್ಳನಿಗೆ ನಾಳೆ ಅರವತ್ತು ತುಂಬುತ್ತದೆ, ನಾಳೆಯಿಂದಲೇ ನಿವೃತ್ತಿ. ಇವತ್ತು ಸಂಜೆ ಕಚೇರಿಯ ರಾಕ್ಷಸ ಸಾಹೇಬರು ಬಂದು, ಹೆಣಗಳೆಲ್ಲ ತಂತಮ್ಮ ಗುಂಡಿಯಲ್ಲಿವೆಯೇ ಎಂದು ನೋಡಿ, ಗುದ್ದಲಿ ವಾಪಸ್ ತೆಗೆದುಕೊಂಡರೆ ಮುಗಿಯಿತು. ಸೊಂಟ ಬಿದ್ದುಹೋದ ಕುಳ್ಳ ಆ ಗಳಿಗೆಗಾಗಿ ಬಕಪಕ್ಷಿಯ ಹಾಗೆ ಕಾಯುತ್ತಿದ್ದ.

ಕೊನೆಯ ದಿನ ಸುಮ್ಮನೆ ಕೂರಬಾರದೇ? ಬೆಳಗ್ಗೆ ಇನ್ನೊಂದು ಗುಂಡಿ ತೋಡಹೋದ. ಅಕ್ಷರ ಕೆತ್ತಿದ ಚಪ್ಪಟೆ ಕಲ್ಲೊಂದು ಸಿಕ್ಕಿತು. ಓದುವ ಚಟವಿಲ್ಲದ ಪುಣ್ಯಾತ್ಮ ಅದನ್ನು ಹೊತ್ತು ತಂದು, ಹೆಂಡತಿಗೆ ಬಟ್ಟೆ ಒಗೆಯಲೆಂದು ಹಿತ್ತಲಲ್ಲಿ ಹಾಕಿಕೊಟ್ಟ.

ಆ ಲೋಕದ ನಿಯಮ ಸರಳ. ಇಂಥ ಕಲ್ಲು ಓದಿದವರು ಯಾರೇ ಆಗಲಿ, ಹೆಣ ಎಬ್ಬಿಸುವ ಪ್ರೇತಮಾಂತ್ರಿಕರಾಗುತ್ತಾರೆ. ಗುರು ಬೇಡ, ತಪಸ್ಸು ಬೇಡ, ಯೋಗ್ಯತೆಯಂತೂ ಬೇಡವೇ ಬೇಡ. ಆಟ ಬರೆದ ಮಹಾಶಯನಿಗೆ ಅಂದು ಮನೆಗೆ ಹೋಗುವ ಅವಸರವಿತ್ತೋ ಏನೋ.

ಪಕ್ಕದ ಮನೆಯ ಗಾಬ್ಲಿನ್ ಅಕ್ಕನಿಗೆ ಕಂಡವರ ಹಿತ್ತಲು ಇಣುಕುವುದೇ ಕಸುಬು. ಬೇಲಿಯ ಮೇಲಿಂದಲೇ ಕಲ್ಲನ್ನು ಓದಿದಳು. ನೆಟ್ಟಗೆ ಸ್ಮಶಾನಕ್ಕೆ ಹೋಗಿ ಸತ್ತ ಗಂಡನನ್ನು ಎಬ್ಬಿಸಿ, ಬೀದಿಯಲ್ಲೇ ನಿಲ್ಲಿಸಿ ಕೇಳಿದಳು: "ಬೀರು ಕೀ ಎಲ್ಲಿಟ್ಟು ಸತ್ರಿ?"

ಇಂಥ ಸುದ್ದಿ ಕೇಳಿ ಊರು ಸುಮ್ಮನಿದ್ದೀತೇ? ಕುಳ್ಳನ ಹಿತ್ತಲಿಗೆ ಜನ ಮುಗಿಬಿದ್ದರು. ಎಲ್ಫ್ ದರ್ಜಿ ತನ್ನ ಹಳೇ ಗಿರಾಕಿಯನ್ನು ಎಬ್ಬಿಸಿ, "ಅಂಗಿ ಬಿಗಿ ಅಂತ ಜಗಳ ಆಡಿದ್ರಲ್ಲ, ಈಗ ಹಾಕ್ಕೊಳ್ಳಿ ನೋಡೋಣ!" ಎಂದು ಬಾಕಿಯಿದ್ದ ವಾದ ಗೆದ್ದ. ಸಂಜೆಯಾಗುವಷ್ಟರಲ್ಲಿ ಸ್ಮಶಾನ ಖಾಲಿ, ಪೇಟೆ ಭರ್ತಿ.

"ಅಯ್ಯೋ, ಸಾಹೇಬ್ರು ಬರೋ ಹೊತ್ತಾಯ್ತು ಕಣೇ! ಗುಂಡಿ ಖಾಲಿ ಕಂಡ್ರೆ ನನ್ನ ಬಿಡ್ತಾರಾ?" ಎಂದು ಕುಳ್ಳ ಹೆಂಡತಿಯೆದುರು ತಲೆ ಚಚ್ಚಿಕೊಂಡ.

ಪೇಟೆಗೆ ಓಡಿ ಹೆಣಗಳ ಮುಂದೆ ಅಂಗಲಾಚಿದ. ಒಬ್ಬನ ಕಾಲು ಹಿಡಿದ. ಕಾಲು ಕೈಗೇ ಬಂತು.

"ನಿನ್ ಮಾತು ನಾವ್ಯಾಕಪ್ಪಾ ಕೇಳ್ಬೇಕು?" ಎಂದಿತು ಆ ಒಂಟಿಗಾಲಿನ ಹೆಣ. "ಕಲ್ಲು ಓದಿದೋರ ಮಾತು ಮಾತ್ರ ನಾವು ಕೇಳೋದು."

ಹಿಂದೆಯೇ ಬಂದಿದ್ದ ಹೆಂಡತಿ ರೇಗಿದಳು: "ಮತ್ತೆ ಓದ್ರೀ! ಊರಿಗೂರೇ ಓದಿದೆ, ನಿಮಗೇನು ದಾಡಿ?"

ಕುಳ್ಳ ಮನೆಗೆ ಓಡಿ, ಅಕ್ಷರ ಅಕ್ಷರ ಕೂಡಿಸಿಕೊಂಡು ಕಲ್ಲು ಓದಿ ಮುಗಿಸಿದ. ಬೀದಿಗೆ ಬಂದು, "ನಡೀರಿ ಎಲ್ಲಾ, ಬಿದ್ಕೊಳ್ಳಿ!" ಎಂದು ಗುಡುಗಿದ. ಹೆಣಗಳು ತಲೆ ತಗ್ಗಿಸಿ ಹೋಗಿ ಮಲಗಿದವು. ಗಾಬ್ಲಿನ್ ಅಕ್ಕನ ಗಂಡನಂತೂ ಎಲ್ಲರಿಗಿಂತ ಮೊದಲೇ ಓಡಿಬಿಟ್ಟ.

ಸಾಹೇಬರು ಬಂದರು, ಒಂದೊಂದೇ ಗುಂಡಿ ನೋಡಿದರು. "ಭೇಷ್! ಎಲ್ಲಾ ಸರಿಯಾಗಿದೆ."

ಕುಳ್ಳ ಕಣ್ಣು ತುಂಬಿಕೊಂಡು ಗುದ್ದಲಿ ಚಾಚಿದ. ಸಾಹೇಬರು ಕೈ ಚಾಚಲಿಲ್ಲ. ಅವನ ಕಣ್ಣಲ್ಲಿ ಹೊಸದಾಗಿ ಮಿನುಗುತ್ತಿದ್ದ ಹಸಿರು ಬೆಳಕನ್ನೇ ನೋಡಿದರು.

"ಕಲ್ಲು ಓದಿದ್ಯೇನಯ್ಯಾ?"

"ಡ್ಯೂಟಿಗೋಸ್ಕರ ಸ್ವಾಮೀ!"

"ಓದಿದೋರ ವಯಸ್ಸು ಅಲ್ಲಿಗೇ ನಿಂತ್ಹೋಗುತ್ತೆ ಕಣಯ್ಯಾ. ರಿಟೈರ್ಮೆಂಟ್ ಅರವತ್ತಕ್ಕೆ. ನಿಂಗೆ ಇವತ್ತು ಐವತ್ತೊಂಬತ್ತು."

"ನಾಳೆ, ಸ್ವಾಮೀ?"

"ನಾಳೇನೂ ಐವತ್ತೊಂಬತ್ತೇ." ಸಾಹೇಬರು ಬೆನ್ನು ತಟ್ಟಿದರು. "ಬೆಳಗ್ಗೆ ಬೇಗ ಬಾ."