ಭಾನುವಾರದ ಪ್ರಸಂಗ, ಸೋಮವಾರದ ಪ್ರಸಂಗ

ನಮ್ಮ ಸಭೆಗಳಲ್ಲಿ ಪಾಸ್ಟರ್ ಮಾಡುವ ಬೋಧನೆಗೆ 'ಪ್ರಸಂಗ' ಅನ್ನುತ್ತಾರೆ. ಊರಲ್ಲಿ ಯಾರಿಗಾದರೂ ಫಜೀತಿಯಾದರೆ ಅದೂ 'ಪ್ರಸಂಗ'ವೇ. ಮೊದಲನೆಯದನ್ನು ನಾನು ಭಾನುವಾರ ಮಾಡುತ್ತೇನೆ, ಎರಡನೆಯದು ಸೋಮವಾರ ತಾನಾಗಿಯೇ ಆಗುತ್ತದೆ. ಸಕ್ಕರೆ ಕಾಯಿಲೆ ಬಂದು, "ಕರದದ್ದು ಬಿಡ್ರಿ, ಮೈ ಬಗ್ಗಸ್ರಿ, ಇಲ್ಲಾಂದ್ರ ದಿನಾ ಸೂಜಿ ಚುಚ್ಚಬೇಕಾಗತೈತಿ" ಎಂದು ಡಾಕ್ಟರು ಹೆದರಿಸಿದ ಮೇಲಂತೂ ಇದು ವಿಪರೀತಕ್ಕೆ ಹೋಯಿತು. ಸೂಜಿ ಕಂಡರೆ ನನಗೆ ಜೀವ ಹೋಗುತ್ತದೆ. ಅದಕ್ಕೇ ವ್ಯಾಯಾಮ ಶುರು ಮಾಡಿದೆ. ಮಾಡಿ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಕೈ ಎತ್ತಿದರೂ ಕಾಲು ಎತ್ತಿದರೂ ಅದರಲ್ಲೊಂದು ಆತ್ಮಿಕ ಪಾಠ ಹುಡುಕುವ ಚಟ ನನಗೆ.

ಒಬ್ಬರ ಭಾರ ಒಬ್ಬರು

ಡಂಬೆಲ್ಸ್ ಕೊಂಡ ವಾರ, "ದೇವರು ತೋಳಿಗೆ ಬಲ ಕೊಟ್ಟದ್ದು ಕನ್ನಡಿ ಮುಂದೆ ನಿಲ್ಲಲಿಕ್ಕಲ್ಲ, ಒಬ್ಬರ ಭಾರ ಇನ್ನೊಬ್ಬರು ಹೊರಲಿಕ್ಕೆ" ಎಂದು ಪ್ರಸಂಗ ಮಾಡಿದೆ. ಮಾಡುವಾಗ ಅಂಗಿಯ ತೋಳನ್ನು ಸ್ವಲ್ಪ ಮೇಲಕ್ಕೆ ಸರಿಸಿದ್ದೂ ನಿಜ.

ಮರುದಿನ ಆಯಿಯ ಫೋನು. ಆಯಿ ಎಂದರೆ ನಮ್ಮ ಸಭೆಯ ಹಿರಿಯ ಜೀವ, ಎಪ್ಪತ್ತು ದಾಟಿದವರು. ನಾನು ಹೇಳಿದ್ದನ್ನೆಲ್ಲ ನಂಬುವವರು ಇಡೀ ಹುಬ್ಬಳ್ಳಿಯಲ್ಲಿ ಅವರೊಬ್ಬರೇ. ಬೆಂಗೇರಿಯಲ್ಲಿ ಅವರದು ಮಹಡಿ ಮೇಲಿನ ಮನೆ.

"ಅಯ್ನೋರ, ಸಿಲಿಂಡರ್ ಈಟ ಎತ್ತಬೇಕಾಗಿತ್ರಿ."

ಹೋದೆ. ಮೇಲಿನಿಂದ ಸಿಲಿಂಡರ್ ಎತ್ತಿಕೊಂಡು, ಮೆಟ್ಟಿಲು ಮೆಟ್ಟಿಲಿಗೂ ಕರ್ತನನ್ನು ಕರೆಯುತ್ತ ಕೆಳಗಿಳಿಸಿ, ಗೋಡೆಗೆ ಒರಗಿ ನಿಂತೆ. ಆಯಿ ನೀರು ಕೊಟ್ಟರು.

"ಪಾಪ, ದಣದ್ರಿ. ಇದು ಖಾಲೀದ್ರಿ. ತುಂಬಿದ್ದು ಅಲ್ಲೈತಿ ನೋಡ್ರಿ, ಈಗ ಅದನ್ನ ಮ್ಯಾಲ ಒಯ್ಯೂದು."

ನಿಂತ ಸೈಕಲ್ಲು

ಪಾರ್ಕಿನಲ್ಲಿ ನೆಲಕ್ಕೆ ಕೂರಿಸಿದ ಸೈಕಲ್ಲೊಂದಿದೆ. ಒಂದು ಬೆಳಿಗ್ಗೆ ಅದನ್ನು ತುಳಿಯುತ್ತಿದ್ದಾಗ ಸಭೆಯ ಕಮಿಟಿಯ ಹಿರಿಯರೊಬ್ಬರು ಬಂದು ಪಕ್ಕದ ಬೆಂಚಿನ ಮೇಲೆ ಕೂತರು. ನನಗೆ ಪಾಠ ಹೊಳೆದೇಬಿಟ್ಟಿತು.

"ನೋಡ್ರಿ ಕಾಕಾ, ಎಷ್ಟ ತುಳದ್ರೂ ಗಾಡಿ ಮುಂದ ಹೋಗೂದಿಲ್ಲ. ಕ್ರಿಯಾ ಇಲ್ಲದ ನಂಬಿಕಿನೂ ಹಿಂಗ."

ಕಾಕಾ ಗಂಭೀರವಾಗಿ ತಲೆದೂಗಿದರು.

"ಖರೇ ಐತ್ರಿ ಅಯ್ನೋರ. ನಿಮ್ಮ ಪ್ರಸಂಗನೂ ಹಂಗ. ನೀವೊಬ್ಬರು ಬೆವರತೀರಿ, ನಾವು ಕುಂತಲ್ಲೇ ಕುಂತಿರತೇವಿ."

ಸಾಕ್ಷಿ

ಇದನ್ನು ಹೇಳಲು ಈಗಲೂ ನಾಚಿಕೆ.

ದಿನಾ ಸಂಜೆ ವಾಕಿಂಗ್ ಶುರು ಮಾಡಿದ ಮೇಲೆ, "ಓಡುವವನು ಮೊದಲು ಬಾಯಿ ಕಟ್ಟಬೇಕು" ಎಂದು ಪ್ರಸಂಗ ಮಾಡಿದ್ದೆ. ಆದರೂ ಸಕ್ಕರೆ ಇಳಿಯಲಿಲ್ಲ. ಡಾಕ್ಟರು ಮತ್ತೆ ಸೂಜಿಯ ಮಾತೆತ್ತಿದರು. ಅಯ್ನೋರು ಇಷ್ಟು ನಡೆದರೂ ಇಳಿಯುತ್ತಿಲ್ಲವಲ್ಲ ಎಂದು ಸಭೆಯ ಹೆಣ್ಣುಮಕ್ಕಳು ಮರುಗಿ, ನನಗಾಗಿ ಶುಕ್ರವಾರದ ಉಪವಾಸ ಪ್ರಾರ್ಥನೆ ಹಿಡಿದರು. ಮುಂದಾಳು ಆಯಿ. ಆ ವಯಸ್ಸಿನಲ್ಲಿ ಇಡೀ ದಿನ ಚಹಾ ಕೂಡ ಮುಟ್ಟುತ್ತಿರಲಿಲ್ಲ.

ಇಳಿಯದ ಕಾರಣ ನನಗೆ ಗೊತ್ತಿತ್ತು. ನಾನು ನಡೆಯುವ ರಸ್ತೆಯ ತುದಿಗೆ ಮಿರ್ಚಿ ಭಜಿ ಕರಿಯುವ ಗಾಡಿ ನಿಲ್ಲುತ್ತಿತ್ತು. ಅವರು ನನಗಾಗಿ ಹಸಿದಿರುತ್ತಿದ್ದರು, ನಾನು ತಿನ್ನುತ್ತಿದ್ದೆ. ಪ್ರತಿ ಸಲವೂ ನಾಚಿಕೆಯಾಗುತ್ತಿತ್ತು. ನಾಚಿಕೊಂಡೇ ಇನ್ನೊಂದು ಪ್ಲೇಟು ಹೇಳುತ್ತಿದ್ದೆ.

ಒಂದು ಭಾನುವಾರ ಸಾಕ್ಷಿ ಹೇಳುವ ಹೊತ್ತು. ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಎದ್ದು ಹೇಳುವುದು ನಮ್ಮಲ್ಲಿ ಪದ್ಧತಿ. ಆಯಿ ಎದ್ದು ನಿಂತರು.

"ಮೊನ್ನಿ ಶುಕ್ರವಾರ ಸಂಜಿಮುಂದ ಹಸದು ಕಣ್ಣಿಗೆ ಕತ್ತಲಿ ಬಂದಿತ್ರಿ. ಮನಿ ಕಡೆ ಹೊಂಟಾಗ ನೋಡತೇನಿ, ನಮ್ಮ ಅಯ್ನೋರು ಗಾಡಿ ಮುಂದ ನಿಂತು, ಪ್ಲೇಟ ಹಿಡದು, ಕಣ್ಣು ಮುಚ್ಚಿ ಸ್ತೋತ್ರ ಹೇಳಿ ಮಿರ್ಚಿ ತಿನ್ನಾಕತ್ತಾರ! ಡಾಕ್ಟರು ಬ್ಯಾಡಂದದ್ದನ್ನ ಅಯ್ನೋರು ಸುಮ್ಮಸುಮ್ಮನ ತಿಂತಾರೇನ್ರಿ? ಸಕ್ಕರಿ ಪೂರಾ ಹೋತು, ಕರ್ತ ನಮ್ಮ ಮೊರಿ ಕೇಳ್ಯಾನ ಅಂತ ಅಲ್ಲೇ ಕಣ್ಣೀರು ಬಂತು. ಮನಿಗೆ ಹೋಗಿ ಉಪವಾಸ ಬಿಟ್ಟೆ."

"ಸ್ತೋತ್ರ! ಸ್ತೋತ್ರ!" ಎಂದು ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿದ್ದ ನನ್ನ ಹೆಂಡತಿ ಮಾತ್ರ ತಟ್ಟಲಿಲ್ಲ. ದಿನಾ ಸಂಜೆ ನನ್ನ ವಾಕಿಂಗ್ ಬೂಟು ಒರೆಸಿ ಬಾಗಿಲಲ್ಲಿ ಇಡುತ್ತಿದ್ದವಳು ಅವಳೇ.

ಹೌದು ಅಂದರೆ ಸುಳ್ಳು, ಅಲ್ಲ ಅಂದರೆ ಮಾನ ಹೋಗುತ್ತದೆ. ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಯಿಯ ಒದ್ದೆ ಕಣ್ಣು ನೋಡಿದ ಮೇಲೆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಆಯಿ, ಸಕ್ಕರಿ ಹೋಗಿಲ್ರಿ," ಅಂದೆ. "ಮಿರ್ಚಿ ಬಿಟ್ಟಿಲ್ರಿ, ಅಷ್ಟ."

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಹಂಗಾದ್ರ ಬರೂ ಶುಕ್ರವಾರದಿಂದ ಅದಲಿಬದಲಿ ಮಾಡೂಣ್ರಿ. ಉಪವಾಸ ನೀವು ಮಾಡ್ರಿ, ಮಿರ್ಚಿ ನಾವು ತಿಂತೇವಿ."

"ಆಮೆನ್!" ಎಂದು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಕೂಗಿದವಳು ನನ್ನ ಹೆಂಡತಿ.